ಮಗ್ಗುಲು ತಿರುಗಿದರೆ ಮನೆಯೇ ತಿರುಗುತ್ತೆ

ಪ್ರಶ್ನೆ: ನನಗೆ 61 ವರ್ಷ. ತಿಪಟೂರಿನ ಹತ್ತಿರ ನಮ್ಮೂರು. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ಕಳೆದ ವರ್ಷ ನಿವೃತ್ತನಾದೆ. ಎರಡು ತಿಂಗಳ ಹಿಂದೆ ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದಾಗ ಇಡೀ ಕೋಣೆ ಗಿರ್ರನೆ ತಿರುಗಿತು. ವಾಂತಿಯೂ ಆಯಿತು. ಅಂದಿನಿಂದ ಬಲಕ್ಕೆ ಹೊರಳಿದರೆ, ತೆಂಗಿನ ಮರ ನೋಡಲು ಕತ್ತೆತ್ತಿದರೆ, ಸ್ನಾನಕ್ಕೆ ಬಗ್ಗಿದರೆ ಹಾಗೇ ಆಗುತ್ತದೆ. ಎಣಿಸಿ ನೋಡಿದ್ದೇನೆ, ನಲವತ್ತು ಎಣಿಸುವಷ್ಟರಲ್ಲಿ ನಿಲ್ಲುತ್ತದೆ. ಕಿವಿ ಚೆನ್ನಾಗಿ ಕೇಳುತ್ತದೆ. ಆರು ವರ್ಷದಿಂದ ಬಿಪಿ ಮಾತ್ರೆ ಇದೆ. ಕತ್ತಿನ ಎಕ್ಸ್‌ರೇ ತೆಗೆದು ಮೂಳೆ ಸವೆದಿದೆ ಎಂದು ಕಾಲರ್ ಕೊಟ್ಟರು. ತಲೆಸುತ್ತಿನ ಮಾತ್ರೆ ಎರಡು ತಿಂಗಳಿಂದ ದಿನಕ್ಕೆ ಮೂರು ಹೊತ್ತು ನುಂಗುತ್ತಿದ್ದೇನೆ. ಮನೆಯಲ್ಲಿ ಪಿತ್ತ ಎಂದು ಜೀರಿಗೆ ಕಷಾಯ ಕೊಡುತ್ತಾರೆ. ಮಗ ಎಂಆರ್‌ಐ ಮಾಡಿಸೋಣ ಅನ್ನುತ್ತಾನೆ. ನಮ್ಮ ತಂದೆ ಲಕ್ವ ಹೊಡೆದು ತೀರಿಕೊಂಡವರು, ನನಗೂ ಅದೇ ಭಯ. ಮಲಗಲು ಹೆದರಿ ರಾತ್ರಿ ಕುರ್ಚಿಯಲ್ಲೇ ಒರಗುತ್ತಿದ್ದೇನೆ. ಇದೇನು? ಹೋಗುತ್ತದಾ? ಮುಂದಿನ ತಿಂಗಳು ಬೆಳಗಾವಿಯ ಮಗಳ ಮನೆಗೆ ರಾತ್ರಿ ರೈಲಿನಲ್ಲಿ ಹೋಗಬಹುದಾ?

ಉತ್ತರ: ಮೇಷ್ಟ್ರೇ, ನೀವು ಎಣಿಸಿದ್ದು ಬಹಳ ಒಳ್ಳೆಯದಾಯಿತು. ಎಕ್ಸ್‌ರೇ ಹೇಳದ್ದನ್ನು ನಿಮ್ಮ ಆ ನಲವತ್ತು ಹೇಳುತ್ತಿದೆ.

ತಲೆಸುತ್ತು ಅಂತ ಬಂದವರನ್ನು ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತೆ? ಏನು ಮಾಡಿದಾಗ ಬರುತ್ತೆ? ಮುಕ್ಕಾಲು ಪಾಲು ಜನ ಮೊದಲನೆಯದಕ್ಕೆ "ಯಾವಾಗ್ಲೂ ಇರುತ್ತೆ ಡಾಕ್ಟ್ರೇ" ಅನ್ನುತ್ತಾರೆ. ಕೆದಕಿ ಕೇಳಿದರೆ ಗಿರಗಿರ ತಿರುಗೋದು ಅರ್ಧ ನಿಮಿಷ, ಉಳಿದ ಹೊತ್ತು ಬರೀ ಹೆದರಿಕೆ ಮತ್ತು ಹೊಟ್ಟೆ ತೊಳಸು. ನೀವು ಎರಡಕ್ಕೂ ನೇರವಾಗಿ ಉತ್ತರ ಬರೆದಿದ್ದೀರಿ. ಒಂದು ನಿಮಿಷದ ಒಳಗೆ ನಿಲ್ಲುತ್ತೆ. ತಲೆಯ ಭಂಗಿ ಬದಲಾದಾಗ ಮಾತ್ರ ಬರುತ್ತೆ. ಅದರಲ್ಲೂ ಬಲಕ್ಕೆ ಹೊರಳಿದಾಗ. ಕಿವಿ ಸರಿಯಾಗಿದೆ. ನಿಮ್ಮನ್ನು ಕಣ್ಣಾರೆ ನೋಡಿಲ್ಲ, ಆದ್ದರಿಂದ ಒಂದು ಪರೀಕ್ಷೆ ಆಗಲೇಬೇಕು. ಆದರೂ ಈ ಪತ್ರ ಓದಿದ ಯಾವ ಕಿವಿ ಡಾಕ್ಟರಾದರೂ ಮೊದಲು ಹೇಳುವ ಹೆಸರು ಬಿಪಿಪಿವಿ. ನಾನು ರೋಗಿಗಳಿಗೆ "ಕಿವಿಯೊಳಗಿನ ಹರಳು ಜಾಗ ತಪ್ಪಿದೆ" ಅನ್ನುತ್ತೇನೆ. ಗಿರ್ರನೆ ತಿರುಗುವ ತಲೆಸುತ್ತಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ.

ನಮ್ಮ ಒಳಕಿವಿಗೆ ಕೇಳಿಸಿಕೊಳ್ಳುವುದರ ಜೊತೆ ಇನ್ನೊಂದು ಕೆಲಸ ಇದೆ. ತಲೆ ಎತ್ತ ವಾಲಿದೆ, ಎಷ್ಟು ಬೇಗ ತಿರುಗುತ್ತಿದೆ ಅಂತ ಮಿದುಳಿಗೆ ಹೇಳುವುದು. ಅದಕ್ಕೆ ಮೂರು ಅರ್ಧ ಬಳೆಯಂಥ ಕೊಳವೆಗಳಿವೆ. ಒಂದಕ್ಕೊಂದು ಲಂಬ ಕೋನದಲ್ಲಿ ಕೂತಿವೆ, ನೀವು ಬೋರ್ಡಿನ ಮೇಲೆ ಎಳೆಯುತ್ತಿದ್ದ ಎಕ್ಸ್, ವೈ, ಜೆಡ್ ಅಕ್ಷಗಳ ಹಾಗೆ. ಒಳಗೆ ನೀರಿನಂಥ ದ್ರವ. ತಲೆ ತಿರುಗಿಸಿದಾಗ ಈ ದ್ರವ ಒಂದು ಮೆತ್ತನೆಯ ಪರದೆಯನ್ನು ಬಾಗಿಸುತ್ತೆ, ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುತ್ತೆ. ಕೊಳವೆಗಳ ಬುಡದಲ್ಲಿ ಇನ್ನೊಂದು ಚೀಲ. ಅದರೊಳಗೆ ಅಂಟಿನ ಮೇಲೆ ಕೂತ ಸಾವಿರಾರು ಹರಳುಗಳು. ಒಂದೊಂದೂ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು, ಕಣ್ಣಿಗೆ ಕಾಣದಷ್ಟು ಪುಟ್ಟದು. ಮೊಟ್ಟೆಯ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ಲೂ ಇರುವುದು.

ವಯಸ್ಸಾಗುತ್ತಾ ಈ ಅಂಟು ಸಡಿಲವಾಗಿ ಒಂದಷ್ಟು ಹರಳು ಕಳಚಿಕೊಳ್ಳುತ್ತವೆ. ಮಲಗಿರುವಾಗ ಅವು ಜಾರಿ ಹಿಂಬದಿಯ ಕೊಳವೆಗೆ ಬೀಳುತ್ತವೆ, ಏಕೆಂದರೆ ಮಲಗಿದಾಗ ಅದೇ ತಗ್ಗಿನಲ್ಲಿರುವುದು. ಆಮೇಲೆ ನೀವು ಬಲಕ್ಕೆ ಹೊರಳಿದರೆ ಹರಳು ದ್ರವದೊಳಗೆ ಉರುಳುತ್ತವೆ, ಪರದೆಯನ್ನು ಎಳೆಯುತ್ತವೆ. ತಲೆ ಆಗಲೇ ನಿಂತಿದೆ, ಆದರೆ ಬಲಕಿವಿ ಮಾತ್ರ "ಇನ್ನೂ ತಿರುಗುತ್ತಿದ್ದೀನಿ" ಅಂತ ಕೂಗುತ್ತಿದೆ. ಎಡಕಿವಿಗೆ ಈ ಸುದ್ದಿಯೇ ಗೊತ್ತಿಲ್ಲ. ಈ ಗಲಾಟೆಯಲ್ಲಿ ಕಣ್ಣುಗುಡ್ಡೆ ತಾನಾಗಿ ಓಡಲು ಶುರು ಮಾಡುತ್ತೆ, ನಿಮಗೆ ಗೋಡೆ ಓಡಿದ ಹಾಗೆ ಕಾಣುತ್ತೆ. ಹರಳು ತಳಕ್ಕೆ ಹೋಗಿ ಕೂತ ಮೇಲೆ ಎಲ್ಲ ಶಾಂತ. ಆ ಕೂರುವ ಹೊತ್ತೇ ನಿಮ್ಮ ನಲವತ್ತು.

ನಿಮ್ಮಲ್ಲಿ ಹರಳು ಯಾಕೆ ಕಳಚಿತು ಅಂದರೆ, ಹೆಚ್ಚಿನವರಲ್ಲಿ ವಯಸ್ಸು ಬಿಟ್ಟರೆ ಬೇರೆ ಕಾರಣ ಸಿಗುವುದಿಲ್ಲ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರಿಗೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದವರಿಗೆ, ಒಳಕಿವಿಗೆ ವೈರಸ್ ಸೋಂಕು ಆಗಿದ್ದವರಿಗೆ ಬರುವುದುಂಟು. ಮೂಳೆ ಟೊಳ್ಳಾದವರಲ್ಲಿ, ವಿಟಮಿನ್ ಡಿ ಕಡಿಮೆ ಇದ್ದವರಲ್ಲಿ ಮತ್ತೆ ಮತ್ತೆ ಬರುವುದು ಜಾಸ್ತಿ. ನೀವೇನೋ ತಿಂದದ್ದಕ್ಕೋ, ಟೆನ್ಷನ್ ಮಾಡಿಕೊಂಡದ್ದಕ್ಕೋ ಬಂದದ್ದಲ್ಲ.

ಇನ್ನು ನಿಮ್ಮ ಕತ್ತಿನ ವಿಚಾರ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ನನ್ನ ಮೇಲೂ ಸೇರಿಸಿ. 61ರ ಯಾರ ಕತ್ತಿನ ಎಕ್ಸ್‌ರೇ ತೆಗೆದರೂ ಮೂಳೆ ಒಂದಿಷ್ಟು ಸವೆದೇ ಇರುತ್ತೆ. ತಲೆಗೂದಲು ನರೆತ ಹಾಗೆ ಅದು. ತಲೆಸುತ್ತು ಬಂದವರ ಫಿಲ್ಮ್ ತೆಗೆದು "ನೋಡಿ, ಸವೆದಿದೆ" ಅಂದರೆ ಸುಳ್ಳೂ ಅಲ್ಲ, ಉತ್ತರವೂ ಅಲ್ಲ. ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿದೆ. ಸೀಲಿಂಗಿಗೆ ಬಣ್ಣ ಹೊಡೆಯುವ ಒಬ್ಬ ಪೇಂಟರ್ ಬಂದಿದ್ದ. ಕತ್ತೆತ್ತಿದರೆ ಏಣಿ ಸಮೇತ ತಿರುಗುತ್ತೆ ಅಂದ. ನಾನು ಕಾಲರ್ ಹಾಕಿಸಿದೆ, ಮಾತ್ರೆ ಬರೆದೆ. ತಿಂಗಳಾದರೂ ಅವನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಆಮೇಲೆ ಒಬ್ಬ ಹಿರಿಯ ಡಾಕ್ಟರ ಹತ್ತಿರ ಹರಳು ಸರಿಸುವ ವಿಧಾನ ಕಲಿತು ಬಂದು ಅವನನ್ನು ಕರೆಸಿದೆ. ಐದು ನಿಮಿಷದ ಕೆಲಸ. ಮಂಚದಿಂದ ಎದ್ದು ಕೂತು, ಫ್ಯಾನಿನ ಕಡೆ ಒಂದು ಸಲ ಕತ್ತೆತ್ತಿ ನೋಡಿ, "ಇಷ್ಟೇ ಆಗಿದ್ರೆ ಆವತ್ತೇ ಯಾಕೆ ಮಾಡ್ಲಿಲ್ಲ ಸಾರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದ್ದರಿಂದ ಕಾಲರ್ ಬಿಚ್ಚಿಡಿ. ಕೈ ಜೋಮು ಹಿಡಿಯುವುದು, ತೋಳಿನಲ್ಲಿ ಶಕ್ತಿ ಕಡಿಮೆಯಾಗುವುದು ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಇಲ್ಲದಿದ್ದರೆ ಅದು ಕತ್ತನ್ನು ಇನ್ನಷ್ಟು ಬಿಗಿ ಮಾಡುತ್ತೆ ಅಷ್ಟೇ.

ಮಾತ್ರೆಯ ವಿಚಾರವೂ ಹಾಗೇ. ತಲೆಸುತ್ತಿಗೆ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಮೂರು ಮಾತ್ರೆ: ಬೀಟಾಹಿಸ್ಟಿನ್, ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್. ನಿಮ್ಮದು ಯಾವುದು ಅಂತ ಬರೆದಿಲ್ಲ, ಪಟ್ಟಿಯ ಹಿಂಭಾಗ ಓದಿ ನೋಡಿ. ಯಾವುದೇ ಆಗಲಿ, ಕೊಳವೆಯೊಳಗೆ ಬಿದ್ದ ಹರಳನ್ನು ಮಾತ್ರೆ ಎತ್ತಿ ಆಚೆ ಹಾಕುವುದಿಲ್ಲ. ಶೂ ಒಳಗೆ ಕಲ್ಲು ಸೇರಿದೆ ಅಂತ ನೋವಿನ ಮಾತ್ರೆ ನುಂಗಿದ ಹಾಗೆ. ವಾಂತಿ ಜೋರಾಗಿದ್ದಾಗ ಎರಡು ಮೂರು ದಿನ ಕೊಡುವುದು ಸರಿ. ತಿಂಗಳುಗಟ್ಟಲೆ ನುಂಗಿದರೆ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ ಎರಡರಿಂದಲೂ ವಯಸ್ಸಾದವರಲ್ಲಿ ಕೈ ನಡುಕ, ನಡಿಗೆ ನಿಧಾನವಾಗುವುದು, ಮುಖ ಬಿಗಿದ ಹಾಗಾಗುವುದು ಶುರುವಾಗಬಹುದು. ಪಾರ್ಕಿನ್ಸನ್ ಅಂತ ಹೆದರಿಕೊಂಡು ಬಂದವರ ಮಾತ್ರೆ ಚೀಲದಲ್ಲಿ ಇದೇ ಇರುವುದನ್ನು ನೋಡಿದ್ದೇನೆ. ತಲೆಸುತ್ತಿನ ಮಾತ್ರೆ ನಿಲ್ಲಿಸುವ ಬಗ್ಗೆ ಡಾಕ್ಟರ ಹತ್ತಿರ ಈ ವಾರವೇ ಮಾತಾಡಿ. ಬಿಪಿ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಪಿತ್ತದ ಬಗ್ಗೆ ಮನೆಯವರನ್ನು ಬೈಯಬೇಡಿ. ಖಾಲಿ ಹೊಟ್ಟೆಯಲ್ಲಿ ವಾಂತಿಯಾದರೆ ಹಳದಿ ಬಣ್ಣದ ಕಹಿ ನೀರು ಬರುತ್ತಲ್ಲ, ಅದು ಪಿತ್ತವೇ. ಅದನ್ನು ಕಣ್ಣಾರೆ ಕಂಡವರು ಪಿತ್ತ ನೆತ್ತಿಗೇರಿತ್ತು, ಅದಕ್ಕೇ ತಲೆ ತಿರುಗಿತು ಅನ್ನುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ನಡೆದದ್ದು ತಿರುಗುಮುರುಗು. ತಲೆ ತಿರುಗಿದ್ದಕ್ಕೆ ವಾಂತಿ ಬಂತು, ವಾಂತಿಗೆ ಪಿತ್ತ ಬಂತು. ಜೀರಿಗೆ ಕಷಾಯದಿಂದ ತೊಂದರೆ ಏನಿಲ್ಲ. ಒಂದು ಚೂರು ಶುಂಠಿ ಹಾಕಿದರೆ ಹೊಟ್ಟೆ ತೊಳಸಿಗೂ ಹಿತ. ಕುಡಿಯಿರಿ, ಹರಳಿಗೆ ಅಂತ ಕುಡಿಯಬೇಡಿ.

ಈಗ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಒಂದು ಮಂಚ ಸಾಕು. ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಎಂಬ ಇಬ್ಬರು ಡಾಕ್ಟರು 1952ರಲ್ಲಿ ಬರೆದ ವಿಧಾನವನ್ನೇ ಇವತ್ತಿಗೂ ಮಾಡುತ್ತೇವೆ. ನಿಮ್ಮನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸುತ್ತಾರೆ. ತಲೆ ಮಂಚದ ಅಂಚಿನಾಚೆ ಸ್ವಲ್ಪ ಇಳಿಬಿದ್ದಿರುತ್ತೆ, ಡಾಕ್ಟರ ಕೈಯಲ್ಲಿ. ಕಣ್ಣು ಮುಚ್ಚಬಾರದು. ಮೊದಲ ಮೂರು ನಾಲ್ಕು ಸೆಕೆಂಡು ಏನೂ ಆಗುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ "ಏನೂ ಇಲ್ವಲ್ಲಪ್ಪಾ" ಅನ್ನುತ್ತಿದ್ದ ಹಾಗೇ ನನ್ನ ಅಂಗಿಯ ತೋಳು ಹಿಡಿದರು. ಗುಂಡಿ ಕಿತ್ತು ಬಂತು. ಅಷ್ಟರಲ್ಲಿ ಅವರ ಕಣ್ಣುಗುಡ್ಡೆ ಮೇಲಕ್ಕೆ ಚಿಮ್ಮುತ್ತಾ, ಜೊತೆಗೆ ಕೆಳಗಿದ್ದ ಕಿವಿಯ ಕಡೆ ತಿರುಚುತ್ತಾ ಓಡತೊಡಗಿತ್ತು. ಇಪ್ಪತ್ತು ಸೆಕೆಂಡಿಗೆ ನಿಧಾನವಾಯಿತು, ಆಮೇಲೆ ನಿಂತಿತು. ಆ ಕಣ್ಣಿನ ಓಟ ಕಂಡರೆ ರೋಗ ಗೊತ್ತಾಯಿತು ಅಂತಲೇ ಅರ್ಥ. ಯಾವ ಕಿವಿ, ಯಾವ ಕೊಳವೆ ಅನ್ನುವುದೂ ಅದರಲ್ಲೇ ಇದೆ. ಅಂಥವರಿಗೆ ಎಂಆರ್‌ಐ ಬೇಡ. ಕಣ್ಣು ಬೇರೆ ಥರ ಓಡಿದರೆ, ಉದಾಹರಣೆಗೆ ನೇರ ಕೆಳಕ್ಕೆ ಮಾತ್ರ ಓಡಿದರೆ, ಆಗ ಮಗನ ಮಾತಿಗೆ ಬೆಲೆ ಕೊಡೋಣ.

ಪರೀಕ್ಷೆ ಮುಗಿದ ಅದೇ ಮಂಚದ ಮೇಲೆ ಮುಂದಿನ ಐದು ನಿಮಿಷದಲ್ಲಿ ಚಿಕಿತ್ಸೆ. ಇದಕ್ಕೆ ಎಪ್ಲಿ ವಿಧಾನ ಅಂತ ಹೆಸರು. ಅಮೆರಿಕದ ಪೋರ್ಟ್‌ಲ್ಯಾಂಡಿನ ಕಿವಿ ಡಾಕ್ಟರ್ ಜಾನ್ ಎಪ್ಲಿ 1980ರ ಹೊತ್ತಿಗೇ ಇದನ್ನು ಜನರ ಮುಂದೆ ಮಾಡಿ ತೋರಿಸಿದ್ದರು. ತಲೆ ಹೊರಳಿಸಿ ತಲೆಸುತ್ತು ವಾಸಿ ಮಾಡುತ್ತಾನಂತೆ ಅಂತ ಜೊತೆಯ ಡಾಕ್ಟರುಗಳೇ ನಂಬಲಿಲ್ಲ. ಅವರ ಲೇಖನ ಅಚ್ಚಾಗಿದ್ದು 1992ರಲ್ಲಿ. ಈಗ ಲೋಕವೆಲ್ಲ ಅದನ್ನೇ ಮಾಡುತ್ತಿದೆ.

ಲೆಕ್ಕ ಬಹಳ ಸರಳ. ಕೊಳವೆಯ ಯಾವ ಬಾಯಿಂದ ಹರಳು ಬಿತ್ತೋ ಅದೇ ಬಾಯಿಂದ ಆಚೆ ಬೀಳಿಸಬೇಕು. ಮಕ್ಕಳು ಡಬ್ಬಿಯೊಳಗೆ ಗೋಲಿ ಉರುಳಿಸಿ ತೂತಿಗೆ ಬೀಳಿಸುವ ಆಟ ಆಡುತ್ತಾರಲ್ಲ, ಹಾಗೆ. ನಿಮ್ಮದು ಬಲಕಿವಿ ಅಂತ ಇಟ್ಟುಕೊಳ್ಳಿ. ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಹಿಂದೆ ಒಂದು ದಿಂಬು ಇಟ್ಟುಕೊಂಡು, ತಲೆ ಬಲಕ್ಕೆ 45 ಡಿಗ್ರಿ ತಿರುಗಿಸಿ. ಹಾಗೇ ಹಿಂದಕ್ಕೆ ಮಲಗಿ. ದಿಂಬು ಭುಜದ ಕೆಳಗೆ ಬರಬೇಕು, ತಲೆ ಹಿಂದಕ್ಕೆ ಸ್ವಲ್ಪ ಬಾಗಿರಬೇಕು. ತಿರುಗಲು ಶುರುವಾಗುತ್ತೆ, ಹೆದರದೆ ಅದು ನಿಲ್ಲುವವರೆಗೆ ಕಾಯಿರಿ. ಏನಿಲ್ಲವೆಂದರೂ ಅರ್ಧ ನಿಮಿಷ. ಆಮೇಲೆ ತಲೆ ಎತ್ತದೆ ನಿಧಾನವಾಗಿ ಎಡಕ್ಕೆ 90 ಡಿಗ್ರಿ ಹೊರಳಿಸಿ. ಮತ್ತೆ ಅರ್ಧ ನಿಮಿಷ. ಈಗ ಇಡೀ ಮೈಯನ್ನು ಎಡಮಗ್ಗುಲಿಗೆ ತಿರುಗಿಸಿ, ಮೂಗು ಹಾಸಿಗೆ ನೋಡಬೇಕು. ಇನ್ನೂ ಅರ್ಧ ನಿಮಿಷ. ಕೊನೆಗೆ ಗದ್ದ ಎದೆಯ ಕಡೆ ಬಾಗಿಸಿಕೊಂಡು ಎಡಗಡೆಯಿಂದಲೇ ಎದ್ದು ಕೂತುಕೊಳ್ಳಿ. ಒಂದೆರಡು ನಿಮಿಷ ಏಳಬೇಡಿ.

ಮೊದಲ ಸಲ ಡಾಕ್ಟರ ಮುಂದೆಯೇ ಆಗಲಿ. ನೀವು ಮನೆಯಲ್ಲೇ ಮಾಡಿಬಿಡುತ್ತೀರಿ ಅಂತ ಗೊತ್ತು, ಆದರೂ ಹೇಳುತ್ತೇನೆ. ಬಲ ಎಡ ತಪ್ಪಿದರೆ ಹರಳು ಇರುವ ಕಡೆಯೇ ಉಳಿಯುತ್ತೆ, ಕೆಲವು ಸಲ ಹರಳು ಪಕ್ಕದ ಕೊಳವೆಗೂ ಹೋಗುತ್ತೆ. ಕತ್ತಿನ ಆಪರೇಷನ್ ಆದವರು, ಕಣ್ಣಿನ ರೆಟಿನಾ ಕಳಚಿದ್ದವರು, ಸಂಧಿವಾತದಿಂದ ಕತ್ತಿನ ಮೂಳೆ ಸಡಿಲವಾದವರು ತಾವಾಗಿ ಮಾಡಲೇಬಾರದು. ಜಿಲ್ಲಾಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇರುತ್ತೆ, ನಿಮಗೆ ತುಮಕೂರು ದೂರವಲ್ಲ. ಹೋದವರು "ತಲೆಸುತ್ತು" ಅಂತಷ್ಟೇ ಹೇಳಿ ಸುಮ್ನೆ ಕೂರಬೇಡಿ. ಬಲಕ್ಕೆ ಹೊರಳಿದರೆ ಬರುತ್ತೆ, ನಲವತ್ತು ಎಣಿಸಿದರೆ ಹೋಗುತ್ತೆ, ಮಂಚದ ಮೇಲೆ ಮಲಗಿಸಿ ನೋಡುತ್ತೀರಾ ಅಂತ ಕೇಳಿ. ಖಾಲಿ ಹೊಟ್ಟೆಯಲ್ಲೂ ಬೇಡ, ಎರಡು ಮುದ್ದೆ ಉಂಡೂ ಬೇಡ. ಜೊತೆಗೆ ಒಬ್ಬರು ಇರಲಿ.

ಹತ್ತು ಜನರಲ್ಲಿ ಎಂಟು ಜನರಿಗೆ ಒಂದೆರಡು ಸಲಕ್ಕೇ ವಾಸಿಯಾಗುತ್ತೆ. ಆದರೆ ಮಾರನೇ ದಿನವೇ ಎಲ್ಲ ಸರಿಯಾಗಲಿಲ್ಲ ಅಂತ ಗಾಬರಿಯಾಗಬೇಡಿ. ತೆಪ್ಪದಿಂದ ಇಳಿದು ನೆಲದ ಮೇಲೆ ನಿಂತ ಹಾಗೆ ನಾಲ್ಕೈದು ದಿನ ತೇಲಿದಂತಿರುತ್ತೆ, ಕೆಲವರಿಗೆ ಎರಡು ವಾರ. ಮೊದಲೆಲ್ಲ ಎಪ್ಲಿ ಮಾಡಿದ ಮೇಲೆ ಎರಡು ರಾತ್ರಿ ಕೂತೇ ನಿದ್ದೆ ಮಾಡಿ ಅನ್ನುತ್ತಿದ್ದೆವು. ಅದರಿಂದ ಹೆಚ್ಚಿನ ಲಾಭ ಇಲ್ಲ ಅಂತ ಈಗ ಗೊತ್ತಾಗಿದೆ. ಅಂದಮೇಲೆ ನಿಮ್ಮ ಕುರ್ಚಿ ನಿದ್ದೆಗೂ ಅರ್ಥ ಇಲ್ಲ ಮೇಷ್ಟ್ರೇ. ಡಾಕ್ಟರನ್ನು ನೋಡುವವರೆಗೆ ಎಡಮಗ್ಗುಲಿಗೆ, ಒಂದು ದಿಂಬು ಹೆಚ್ಚಿಗೆ ಇಟ್ಟುಕೊಂಡು ಮಲಗಿ. ತಲೆ ಅಲ್ಲಾಡಿಸಲೇಬಾರದು ಅಂತ ಗೊಂಬೆಯ ಹಾಗೆ ಓಡಾಡುವುದೂ ಬೇಡ. ದಿನಾ ನಡೆದಾಡಿ. ಸಮತೋಲ ಮತ್ತೆ ಕಲಿಯಲು ಮಿದುಳಿಗೆ ಚಲನೆ ಬೇಕು.

ಅಲ್ಲಿಯವರೆಗೆ ಬೀಳದಿರುವುದು ಮುಖ್ಯ. ಈ ಕಾಯಿಲೆ ಸಾಯಿಸುವುದಿಲ್ಲ, ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಕಥೆ ಬೇರೆ. ರಾತ್ರಿ ಒಂದು ಸಣ್ಣ ದೀಪ ಇರಲಿ. ಎದ್ದಾಗ ಹಾಸಿಗೆ ಅಂಚಿನಲ್ಲಿ ಕೂತು ಇಪ್ಪತ್ತು ಎಣಿಸಿ. ಸ್ನಾನಕ್ಕೆ ಸ್ಟೂಲ್ ಇಟ್ಟುಕೊಳ್ಳಿ. ಅಟ್ಟದ ಮೇಲಿನ ಡಬ್ಬ ಬೇರೆಯವರು ಇಳಿಸಲಿ. ಸ್ಕೂಟರ್ ಕೆಲವು ದಿನ ಬೇಡ, ಬಾವಿ ಕಟ್ಟೆಯ ಹತ್ತಿರ ಹೋಗಬೇಡಿ. ಕಾಯಿ ಕೀಳಿಸುವಾಗ ಮರದ ಬುಡದಲ್ಲಿ ನಿಂತು ಎಣಿಸಬೇಡಿ, ಕೆಳಗೆ ಬಿದ್ದ ಮೇಲೆ ಎಣಿಸಿದರೂ ಅಷ್ಟೇ ಇರುತ್ತವೆ. ತಿರುಗಲು ಶುರುವಾದರೆ ಎಲ್ಲಿದ್ದೀರೋ ಅಲ್ಲೇ ಕೂತು, ಕಿಟಕಿಯ ಸರಳೋ ಬಾಗಿಲ ಚಿಲಕವೋ ಒಂದನ್ನೇ ದಿಟ್ಟಿಸಿ ನೋಡಿ.

ಲಕ್ವದ ಭಯಕ್ಕೆ ಬರುತ್ತೇನೆ. ನಿಮಗಿರುವುದು ಅದಲ್ಲ ಅನ್ನಲು ಮತ್ತೆ ಅದೇ ಲೆಕ್ಕ: ಎರಡು ತಿಂಗಳಿಂದ, ಅದೇ ಭಂಗಿಗೆ, ಅಷ್ಟೇ ಸೆಕೆಂಡು. ಲಕ್ವ ಭಂಗಿ ಕೇಳಿ ಬರುವುದಿಲ್ಲ. ಆದರೆ ತಂದೆಯವರ ಇತಿಹಾಸ, ನಿಮ್ಮ ಬಿಪಿ ಎರಡೂ ಇರುವುದರಿಂದ ಇದನ್ನು ಮನೆಯವರಿಗೂ ಓದಿ ಹೇಳಿ. ಇದ್ದಕ್ಕಿದ್ದ ಹಾಗೆ ತಲೆ ತಿರುಗಲು ಶುರುವಾಗಿ ಸುಮ್ಮನೆ ಮಲಗಿದರೂ ನಿಲ್ಲದಿದ್ದರೆ, ಹಿಡಿದುಕೊಂಡರೂ ನಿಲ್ಲಲು ಆಗದಿದ್ದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ, ಹಿಂದೆಂದೂ ಬಾರದಂಥ ತಲೆನೋವು ಜೊತೆಗಿದ್ದರೆ ಎಪ್ಲಿಯೂ ಬೇಡ ಕಷಾಯವೂ ಬೇಡ. 108ಕ್ಕೆ ಫೋನ್ ಮಾಡಿ. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು ಇರುತ್ತೆ, ಆಸ್ಪತ್ರೆ ಮುಟ್ಟುವ ದಾರಿಯೂ ಅದರಲ್ಲೇ ಸೇರಿದೆ. ತಲೆಸುತ್ತಿನ ಜೊತೆ ಒಂದು ಕಿವಿ ಏಕಾಏಕಿ ಕೇಳದಾದರೂ ಅದೇ ದಿನ ಡಾಕ್ಟರನ್ನು ನೋಡಬೇಕು.

ನಿಮ್ಮ ಪತ್ರ ಓದಿ "ನನಗೂ ಹೀಗೇ" ಅನ್ನುವವರಿಗೆ ಎರಡು ಮಾತು. ಎಲ್ಲ ತಲೆಸುತ್ತೂ ಹರಳಿನದ್ದಲ್ಲ. ನಿಮ್ಮ ಗಡಿಯಾರ ಏನು ಹೇಳುತ್ತೆ ನೋಡಿಕೊಳ್ಳಿ. ಇಪ್ಪತ್ತು ನಿಮಿಷದಿಂದ ಅರ್ಧ ದಿನ ತಿರುಗಿ, ಒಂದು ಕಿವಿ ಕಟ್ಟಿದ ಹಾಗಾಗಿ ಗುಂಯ್‌ಗುಟ್ಟುತ್ತಾ ಕೇಳುವುದು ಕಡಿಮೆಯಾದರೆ ಅದು ಮೆನಿಯೆರ್ ಕಾಯಿಲೆ ಇರಬಹುದು. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪ್ರಾಸ್ಪರ್ ಮೆನಿಯೆರ್ ಹೇಳುವವರೆಗೂ ಇಂಥ ತಲೆಸುತ್ತನ್ನು ಮಿದುಳಿನ ರೋಗ ಅಂತಲೇ ತಿಳಿದಿದ್ದರು. ಅದರಲ್ಲಿ ಉಪ್ಪು ಕಡಿಮೆ ಮಾಡಬೇಕು, ಅಂದರೆ ಉಪ್ಪಿನಕಾಯಿ ಹಪ್ಪಳಕ್ಕೆ ಕೈ ಹಾಕಬಾರದು. ಬೀಟಾಹಿಸ್ಟಿನ್ ಕೊಡುವುದೂ ಮುಖ್ಯವಾಗಿ ಅದಕ್ಕೆ. ಮೈಗ್ರೇನ್ ಇರುವವರಲ್ಲಿ ತಲೆನೋವೇ ಇಲ್ಲದೆ ಬರೀ ತಲೆಸುತ್ತು ಬರುವುದುಂಟು. ಬೆಳಕು, ಸದ್ದು ಎರಡೂ ಬೇಡ ಅನ್ನಿಸುತ್ತೆ. ಮೂರು ನಾಲ್ಕು ದಿನ ಬಿಡದೆ ತಿರುಗಿ ಆಮೇಲೆ ನಿಧಾನ ಇಳಿದರೆ ಸಮತೋಲದ ನರಕ್ಕೆ ಊತ ಬಂದಿರಬಹುದು. ಆದರೆ ಅದು ಹೌದೋ ಲಕ್ವವೋ ಅಂತ ಮೊದಲ ದಿನವೇ ಡಾಕ್ಟರು ನೋಡಬೇಕು, ನಾಲ್ಕು ದಿನ ಕಾದು ನೋಡುವುದಲ್ಲ. ಇನ್ನು ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬವಳಿ ಬಂದ ಹಾಗಾದರೆ ಅದು ತಿರುಗುವುದೇ ಅಲ್ಲ, ಬಿಪಿ ಇಳಿದದ್ದು. ರಕ್ತ ಕಡಿಮೆ ಇದ್ದರೂ ಹಾಗಾಗುತ್ತೆ.

ಈ ಕೊನೆಯದನ್ನು ನಿಮ್ಮಲ್ಲೂ ಒಮ್ಮೆ ನೋಡಿಸಬೇಕು. ಮಲಗಿದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ನೋಡಲಿ. ಮೇಲಿನ ಅಂಕಿ 20ರಷ್ಟು ಇಳಿದರೆ ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ಅದೇ ದಿನ ವಿಟಮಿನ್ ಡಿಗೂ ರಕ್ತ ಕೊಟ್ಟು ಬನ್ನಿ. ಕಡಿಮೆ ಇದ್ದರೆ ಡಾಕ್ಟರು ಹೇಳಿದ ಪ್ರಮಾಣದಲ್ಲೇ ತೆಗೆದುಕೊಳ್ಳಿ. ಹರಳಿನ ತಲೆಸುತ್ತು ಒಮ್ಮೆ ಹೋದರೂ ಐದು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಇನ್ನೊಮ್ಮೆ ಬರುತ್ತೆ. ಬಂದರೆ ಮತ್ತೆ ಅದೇ ಐದು ನಿಮಿಷದ ಕೆಲಸ, ಆಗ ನಿಮಗೇ ಬರುತ್ತಿರುತ್ತೆ.

ಬೆಳಗಾವಿಗೆ ಧಾರಾಳವಾಗಿ ಹೋಗಿ. ರೈಲಿನ ಕುಲುಕಾಟದಿಂದ ಇದು ಹೆಚ್ಚಾಗುವುದಿಲ್ಲ. ಹೋಗುವ ಮುಂಚೆ ಎಪ್ಲಿ ಮುಗಿಸಿಕೊಂಡರೆ ನೆಮ್ಮದಿ. ಅಪ್ಪರ್ ಬರ್ತ್ ಮಾತ್ರ ಬೇಡ. 60 ದಾಟಿದ ಗಂಡಸರಿಗೆ ಕೆಳಗಿನ ಬರ್ತಿನ ಕೋಟಾ ಇದೆ, ಟಿಕೆಟ್ ಮಾಡಿಸುವಾಗಲೇ ಮಗನಿಗೆ ಹೇಳಿ.